ನೆರಳಿನ ದರ್ಜಿಯೂ ಕನ್ನಡಕದವರ ಮುಖವೂ

ಹೆಂಡತಿ ಮನೆಯಲ್ಲಿ ಹಾಡು ಗುನುಗಿದರೆ ಗಂಡನಾದವನಿಗೆ ಸಂತೋಷವೇ. ಆದರೆ ಆ ಹಾಡನ್ನು ಅವಳಿಗೆ ಹೇಳಿಕೊಟ್ಟವರು ಯಾರು ಎಂದು ಗೊತ್ತಾದ ಮೇಲೂ ಸಂತೋಷವಾಗಿರಬಲ್ಲ ಗಂಡ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನು ಕನ್ನಡಕದ ಅಂಗಡಿ ಇಟ್ಟಿಲ್ಲ.

ಕನ್ನಡಕದವರು (ಬೀದಿಯವರೆಲ್ಲ ಕರೆಯುವುದೇ ಹಾಗೆ, ಸಿಟ್ಟು ಬಂದಾಗ ಹೆತ್ತ ತಾಯಿಯೂ ಹಾಗೆಯೇ ಕರೆಯುವುದುಂಟು) ಅಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಮುಖ ಕಿವುಚಿಕೊಂಡು ಕೂತಿದ್ದರು. ಅಡುಗೆಮನೆಯಿಂದ ಹಾಡು ತೇಲಿ ಬರುತ್ತಿತ್ತು.

"ಏನೇ ಅದು ಹಾಡು?"

"ಮೇಷ್ಟ್ರು ಹೇಳ್ಕೊಟ್ಟಿದ್ದು ರೀ. ಚೆನ್ನಾಗಿದೆ ಅಲ್ವಾ?"

"ಕಾಫಿಗೆ ಸಕ್ಕರೆ ಹಾಕಿಲ್ಲ."

"ಹೌದಾ? ಮೇಷ್ಟ್ರು ಸಕ್ಕರೆ ಮುಟ್ಟೋದೇ ಇಲ್ವಂತೆ. ಗಂಟಲು ಹಾಳಾಗುತ್ತಂತೆ."

"ನಾನೇನು ಕಛೇರಿ ಕೊಡೋಕೆ ಹೊರಟಿದೀನಾ? ನನ್ನ ಗಂಟಲು ಹಾಳಾಗ್ಲಿ ಬಿಡು."

"ಹಾಳಾಗೋಕೆ ಇನ್ನೇನು ಉಳಿದಿದೆ ಅದರಲ್ಲಿ?" ಎಂದು ಹೆಂಡತಿ ಸಕ್ಕರೆ ಡಬ್ಬಿಯನ್ನೇ ತಂದು ಮುಂದಿಟ್ಟು, ಚೀಲ ಹೆಗಲಿಗೇರಿಸಿ, ಮಗಳ ಕೈ ಹಿಡಿದು ಶಾಲೆಗೆ ಹೊರಟೇಬಿಟ್ಟಳು.

ಅವಳು ಹತ್ತಿರದ ಶಾಲೆಯಲ್ಲಿ ಮೂರನೆಯ ತರಗತಿಯ ಟೀಚರು. ಮಗಳು ಪುಟ್ಟಿ ಓದುವುದೂ ಅಲ್ಲೇ. ಆ ಶಾಲೆಗೆ ಈ ವರ್ಷ ಹೊಸದಾಗಿ ಬಂದವರು ಸಂಗೀತದ ಮೇಷ್ಟ್ರು. ಗುಂಗುರು ಕೂದಲು, ಬಾವಿಯೊಳಗಿಂದ ಬಂದಂಥ ಗಂಭೀರ ದನಿ, ಮಾತಿಗೊಮ್ಮೆ ನಗು. ಅವರು ಬಂದ ದಿನದಿಂದ ಮನೆಯಲ್ಲಿ ಮೇಷ್ಟ್ರು ಹಾಗೆಂದರು, ಮೇಷ್ಟ್ರು ಹೀಗೆಂದರು ಎಂಬ ಪಾರಾಯಣ ಶುರುವಾಗಿತ್ತು. ಒಮ್ಮೆ ಅವರು ಫೋನು ಮಾಡಿದಾಗ ಕನ್ನಡಕದವರ ತಾಯಿ ಎತ್ತಿಕೊಂಡು, ಮಂಡಿನೋವು ಮರೆತು ನಿಂತೇ ಮಾತಾಡಿ, ಇಟ್ಟ ಮೇಲೆ "ಎಂಥಾ ಕಂಠವಪ್ಪಾ! ನಮ್ಮನೇಲೂ ಒಬ್ಬ ಹುಟ್ಟಿದಾನೆ" ಎಂದು ನಿಟ್ಟುಸಿರುಬಿಟ್ಟಿದ್ದರು. ಹುಟ್ಟಿದವರು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದರು.

ಹೋಗಲಿ ಎಂದರೆ, ಹೋದ ತಿಂಗಳು ಆ ಮೇಷ್ಟ್ರು ಅಂಗಡಿಗೇ ಬಂದರು. ದೂರದ ಅಕ್ಷರ ಮಸುಕಾಗುತ್ತದಂತೆ. ಕನ್ನಡಕದವರು ಕಣ್ಣು ಪರೀಕ್ಷಿಸುವಾಗಲೇ ಒಂದು ಘನ ನಿರ್ಧಾರಕ್ಕೆ ಬಂದರು. ಅಂಗಡಿ ಪ್ರಾರಂಭವಾದಾಗಿನಿಂದ ಯಾರೂ ಕೊಳ್ಳದೆ ಗಾಜಿನ ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ, ಗೂಬೆಗೂ ಒಪ್ಪದ, ದಪ್ಪ ಕರಿಯ ಚೌಕಟ್ಟೊಂದನ್ನು ಒರೆಸಿ ತಂದು, "ಸಾರ್, ನಿಮ್ಮ ಮುಖಕ್ಕೆ ಇದೇ" ಎಂದು ಪ್ರಮಾಣ ಮಾಡಿ ತೊಡಿಸಿದರು. ಮೇಷ್ಟ್ರು ಕನ್ನಡಿಯತ್ತ ತಿರುಗಿದರು. ಅನ್ಯಾಯವೆಂದರೆ ಹೀಗಿರಬೇಕು: ಆ ದರಿದ್ರ ಚೌಕಟ್ಟು ಅವರ ಮುಖದ ಮೇಲೆ ಕೂತದ್ದೇ ತಡ, ಅವರು ವಿದ್ವಾಂಸರಂತೆಯೂ ಕಂಡರು, ಸಿನಿಮಾ ನಾಯಕನಂತೆಯೂ ಕಂಡರು. ಗಾಜು ಕೂರಿಸಿ ಕೊಟ್ಟ ಮರುದಿನ ಸಂಜೆ ಹೆಂಡತಿ ಬಂದು, "ಮೇಷ್ಟ್ರ ಕನ್ನಡಕ ನೋಡಬೇಕು ರೀ! ಸ್ಟಾಫ್ ರೂಮಿನಲ್ಲಿ ಎಲ್ರೂ ಯಾವ ಅಂಗಡಿ ಅಂತ ಕೇಳ್ತಿದ್ರು. ನಿಮಗೆ ಇಷ್ಟು ಒಳ್ಳೆ ಟೇಸ್ಟ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದಳು. ಮದುವೆಯಾದ ಮೇಲೆ ಅವಳು ಅವರನ್ನು ಬಾಯ್ತುಂಬ ಹೊಗಳಿದ್ದು ಅದೇ ಮೊದಲು. ಅದೂ ಹೀಗೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಊರಿನವರ ಕಣ್ಣಿಗೆಲ್ಲ ನಂಬರು ಹೇಳುವ ನಮ್ಮ ಕನ್ನಡಕದವರಿಗೆ ತಮ್ಮ ಕಣ್ಣಿನ ಈ ರೋಗಕ್ಕೆ ಮಾತ್ರ ಯಾವ ಗಾಜೂ ಸಿಕ್ಕಿರಲಿಲ್ಲ.

ಹೀಗಿರುವಾಗ ಊರಿಗೆ 'ನೆರಳಿನ ದರ್ಜಿ' ಎಂಬ ಸಿನಿಮಾ ಬಂತು. ಹೆಜ್ಜೆ ಹೆಜ್ಜೆಗೆ ಹಾಡಿರುವ, ಆದರೆ ಆದಿಯಿಂದ ಅಂತ್ಯದವರೆಗೆ ಕತ್ತಲೆಯೇ ತುಂಬಿದ ಚಿತ್ರ. ಅದರಲ್ಲೊಬ್ಬ ದರ್ಜಿ ಮಲಗಿದವರ ನೆರಳನ್ನು ಕತ್ತರಿಯಿಂದ ಕತ್ತರಿಸಿ ತಂದು ಕೋಟು ಹೊಲಿಯುತ್ತಾನೆ. ಕದ್ದ ನೆರಳುಗಳು ಅವನ ಬೀರುವಿನಲ್ಲಿ ನೇತಾಡುತ್ತ ಹಾಡುತ್ತವೆ. ಅಜ್ಜಿಯ ನೆರಳನ್ನು ಹುಡುಕಿಕೊಂಡು ಒಬ್ಬ ಪುಟ್ಟ ಹುಡುಗಿ ಅವನ ಅಂಗಡಿಗೆ ಬರುತ್ತಾಳೆ. ಹತ್ತಿರದ ಚಿತ್ರಮಂದಿರದವರು ಶಾಲೆಯ ಮಕ್ಕಳಿಗಾಗಿಯೇ ಬೆಳಗಿನ ಆಟವೊಂದನ್ನು ಹಾಕಿಕೊಡಲು ಒಪ್ಪಿದ್ದರು. ಮಕ್ಕಳು ಆಗಲೇ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕುಣಿಯುತ್ತಿದ್ದರು. ಆದರೆ ಕೆಲವು ತಾಯ್ತಂದೆಯರು, ಇದನ್ನು ನೋಡಿದ ಮಕ್ಕಳು ತಮ್ಮ ನೆರಳಿಗೇ ಹೆದರಿ ದೀಪ ಆರಿಸಲು ಬಿಡುವುದಿಲ್ಲ ಎಂದು ತಗಾದೆ ತೆಗೆದರು. ಮೊದಲು ನಾವು ನೋಡಿ ತೀರ್ಮಾನಿಸುತ್ತೇವೆ ಎಂದು ಶಾಲೆಯ ದೊಡ್ಡ ಟೀಚರು ಹೇಳಿದರು.

"ಅಪ್ಪಾ, ಆ ಪಿಕ್ಚರ್ ತೋರಿಸದೇ ಇದ್ರೆ ನಾನು ಊಟ ಬಿಡ್ತೀನಿ" ಎಂದಳು ಪುಟ್ಟಿ.

"ಅದನ್ನ ತೀರ್ಮಾನ ಮಾಡೋರು ನಾವು" ಎಂದಳು ಹೆಂಡತಿ. "ನಾಡಿದ್ದು ಬೆಳಿಗ್ಗೆ ನಾನೂ ಮೇಷ್ಟ್ರೂ ಪಿಕ್ಚರ್‌ಗೆ ಹೋಗ್ತಿದೀವಿ ರೀ."

ಕನ್ನಡಕದವರಿಗೆ ಬಾಯಲ್ಲಿದ್ದ ಅನ್ನ ನೆತ್ತಿಗೆ ಹತ್ತಿತು. ನೀರು ಕುಡಿದು, ಕೆಮ್ಮಿ, ಸಾವರಿಸಿಕೊಂಡು ಕೇಳಿದರು.

"ಇಬ್ರೇನಾ?"

"ದೊಡ್ಡ ಟೀಚರ್ ಇರ್ತಾರೆ. ಪುಟ್ಟೀನೂ ಸೇರಿ ಐದಾರು ಮಕ್ಕಳಿರ್ತಾರೆ."

"ಕತ್ತಲಲ್ಲಾ?"

"ಸಿನಿಮಾನ ಬೆಳಕಲ್ಲಿ ತೋರಿಸ್ತಾರಾ?"

ಮರುದಿನ ಕನ್ನಡಕದವರು ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಶಾಲೆಗೆ ನಡೆದು, ನೇರವಾಗಿ ದೊಡ್ಡ ಟೀಚರ ಮುಂದೆ ಹೋಗಿ ನಿಂತರು.

"ಮೇಡಂ, ಪೋಷಕರ ಪರವಾಗಿ ಒಬ್ಬರಾದ್ರೂ ಬೇಡವೇ? ಎಳೇ ಮನಸ್ಸು ಮೇಡಂ, ಎಳೇ ಮನಸ್ಸು! ಒಂದು ಸಲ ಗೀರು ಬಿದ್ರೆ ಮುಗೀತು, ಒರೆಸಿದ್ರೆ ಹೋಗಲ್ಲ" ಎಂದು ಗದ್ಗದಿತರಾದರು. (ಗಿರಾಕಿಗಳಿಗೆ ಕನ್ನಡಕದ ಗಾಜಿನ ಬಗ್ಗೆ ಹೇಳುವ ಮಾತನ್ನೇ ಅವರು ಕೊಂಚ ತಿದ್ದಿ ಹೇಳಿದ್ದು.) ದೊಡ್ಡ ಟೀಚರಿಗೆ ಹೃದಯ ತುಂಬಿ ಬಂತು. ತಂದೆ ಎಂದರೆ ಹೀಗಿರಬೇಕು ಎಂದು ಅವರನ್ನು ಆ ಕ್ಷಣವೇ ಸೇರಿಸಿಕೊಂಡರು.

ಅದರ ಮರುದಿನ ಚಿತ್ರಮಂದಿರದಲ್ಲಿ ಕನ್ನಡಕದವರ ಯೋಜನೆ ಸರಳವಾಗಿತ್ತು: ಹೆಂಡತಿಗೂ ಮೇಷ್ಟ್ರಿಗೂ ನಡುವೆ ಗೋಡೆಯಾಗಿ ಕೂತುಬಿಡುವುದು. ಅವರು ಕೂರಲು ಬಾಗುವಷ್ಟರಲ್ಲಿ ದೊಡ್ಡ ಟೀಚರು ತಡೆದರು.

"ನೀವಲ್ಲಿ ಬೇಡ. ಗಂಡ ಹೆಂಡತಿ ಪಕ್ಕ ಪಕ್ಕ ಕೂತ್ರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟುತ್ತೆ."

"ಮದುವೆಯಾದಾಗಿನಿಂದ ಒಂದೂ ಅಂಟಿಲ್ಲ ಮೇಡಂ!"

"ಆದರೂ ಬೇಡ. ನೀವು ಹಿಂದಿನ ಸಾಲು."

ಹೀಗೆ ಮುಂದೆ ಮಕ್ಕಳು, ಅವರ ಹಿಂದೆ ಹೆಂಡತಿ ಮತ್ತು ಮೇಷ್ಟ್ರು, ಅವರಿಬ್ಬರ ತಲೆಗಳ ನಡುವಿನ ಸಂದಿಗೆ ಸರಿಯಾಗಿ ಹಿಂದೆ ಕನ್ನಡಕದವರು. ದೊಡ್ಡ ಟೀಚರು ಮಾತ್ರ ಒಂದು ಕುರ್ಚಿ ತರಿಸಿ, ಪರದೆಯ ಕೆಳಗೆ, ಪರದೆಗೆ ಬೆನ್ನು ಹಾಕಿ, ಎಲ್ಲರಿಗೂ ಎದುರಾಗಿ ಕೂತರು.

"ನಾನು ಪಿಕ್ಚರ್ ನೋಡಲ್ಲ, ಮುಖ ನೋಡ್ತೀನಿ" ಎಂದು ಅವರು ವಿವರಿಸಿದರು. "ಹೆದರಿಕೆ ಆಯ್ತಾ ಅಂತ ಕೇಳಿದ್ರೆ ಎಲ್ರೂ ಇಲ್ಲ ಅಂತಾನೇ ಅಂತಾರೆ. ಬಾಯಿ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ. ಪರದೆ ಬೆಳಕು ಬಿದ್ರೆ ಸಾಕು, ನನಗೆಲ್ಲಾ ಗೊತ್ತಾಗುತ್ತೆ." ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಬೆನ್ನ ಹಿಂದಿನ ತುಂಟನನ್ನು ಹಿಡಿದ ಖ್ಯಾತಿ ಅವರದು. ಮಕ್ಕಳೆಲ್ಲ ನೆಟ್ಟಗೆ ಕೂತರು. ಕನ್ನಡಕದವರೂ ತಲೆಯಾಡಿಸಿದರು, ಆದರೆ ಆ ಮಾತಿನಲ್ಲಿ ಒಂದಕ್ಷರವೂ ಅವರ ಕಿವಿಗೆ ಬಿದ್ದಿರಲಿಲ್ಲ. ಎರಡು ತಲೆಗಳ ನಡುವೆ ಎಷ್ಟು ಗೇಣು ಅಂತರವಿದೆ ಎಂದು ಅವರು ಅಂದಾಜು ಹಾಕುತ್ತಿದ್ದರು.

ದೀಪ ಆರಿತು. ಪರದೆಯ ಮೇಲೆ ಏನು ನಡೆಯಿತೋ ಆ ದೇವರಿಗೇ ಗೊತ್ತು. ಕನ್ನಡಕದವರ ಪಾಲಿಗೆ ಸಿನಿಮಾ ಮುಂದಿನ ಸಾಲಿನಲ್ಲಿ ನಡೆಯುತ್ತಿತ್ತು. ಮೊದಲಿಗೆ ಹುಡುಗಿ ತನ್ನ ಅಜ್ಜಿಯ ತೊಡೆಯ ಮೇಲೆ ಮಲಗಿ ಅವಳ ಮೆಲುದನಿಯ ಜೋಗುಳ ಕೇಳುವ ದೃಶ್ಯ. ಆಗ ಮೇಷ್ಟ್ರು ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಹೆಂಡತಿಗೆ ಕೊಟ್ಟರು, ಅವಳು ತೆಗೆದುಕೊಂಡಳು. ಕನ್ನಡಕದವರ ಹಲ್ಲು ಕಟಕಟ ಎಂದಿತು, ಕುರ್ಚಿಯ ಕೈ ಮುರಿಯುವಷ್ಟು ಬಿಗಿಯಾಗಿ ಹಿಡಿದರು. ಅನಂತರ ಅಂಗಿಯ ಗುಂಡಿ ಮಾರುವ ಅಂಗಡಿಯ ಬೆಕ್ಕೊಂದು ಅಪಸ್ವರದಲ್ಲಿ ಹಾಡುವ ತಮಾಷೆಯ ಹಾಡು ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಂಡತಿ ನಗುತ್ತ ನಗುತ್ತ ಮೇಷ್ಟ್ರ ಕಿವಿಯ ಬಳಿ ಬಾಗಿ ಏನೋ ಹೇಳಿದಳು, ಅವರಿಬ್ಬರೂ ಸೇರಿ ಮತ್ತಷ್ಟು ನಕ್ಕರು. ಏನು ಹೇಳಿದಳು? ಕಿವಿಯಲ್ಲೇ ಹೇಳುವಂಥದ್ದು ಏನಿತ್ತು? ಕನ್ನಡಕದವರು ಮುಷ್ಟಿಯನ್ನು ಬಾಯೊಳಗೆ ತುರುಕಿಕೊಂಡು ಕಚ್ಚಿದರು. ಕಣ್ಣಲ್ಲಿ ನೀರು ತುಂಬಿತು.

ಮುಂದೆ ನಿಜವಾದ ಘೋರ ದೃಶ್ಯ. ದರ್ಜಿ ಬೀರುವಿನ ಬಾಗಿಲು ತೆರೆಯುತ್ತಾನೆ. ನೇತುಹಾಕಿದ ನೆರಳುಗಳೆಲ್ಲ ಒಂದೇ ಸಮನೆ ಗೋಳಿಡುತ್ತವೆ. ಕತ್ತರಿ ಕಚಕಚ ಎನ್ನುತ್ತದೆ. ಮಕ್ಕಳು ಉಸಿರು ಬಿಗಿಹಿಡಿದರು. ಅದೇ ಹೊತ್ತಿಗೆ ಒಂದು ಮಗುವಿಗೆ ಬಚ್ಚಲಿಗೆ ಹೋಗಬೇಕಾಯಿತು, ಮೇಷ್ಟ್ರು ಎದ್ದು ಅದನ್ನು ಕರೆದುಕೊಂಡು ಹೊರಗೆ ಹೋದರು. ಕನ್ನಡಕದವರ ಮುಖ ಅರಳಿತು. ಕಾಲು ಚಾಚಿ, ಬೆನ್ನು ಒರಗಿಸಿ, ನೆರಳುಗಳ ಗೋಳಿಗೆ ತಾಳ ಹಾಕುತ್ತ ಕೂತರು. ಇಡೀ ಚಿತ್ರದಲ್ಲಿ ಅವರು ನಕ್ಕದ್ದು ಆಗ ಮಾತ್ರ.

ಕೊನೆಯಲ್ಲಿ ಅಜ್ಜಿಗೆ ನೆರಳು ಮರಳಿ ಸಿಕ್ಕಿ, ಹುಡುಗಿ ಅವಳನ್ನು ತಬ್ಬಿಕೊಂಡು, ಊರೆಲ್ಲ ಬೆಳಕಾಗುತ್ತದೆ. ಅಷ್ಟರಲ್ಲಿ ವಾಪಸು ಬಂದಿದ್ದ ಮೇಷ್ಟ್ರು ಆ ದಪ್ಪ ಕರಿಯ ಕನ್ನಡಕವನ್ನು ತೆಗೆದು ಕಣ್ಣೊರೆಸಿಕೊಳ್ಳಲು ತಡಕಾಡಿದರು. ಹೆಂಡತಿ ತನ್ನ ಕರವಸ್ತ್ರ ಕೊಟ್ಟಳು. ನೀಲಿ ಅಂಚಿನ ಕರವಸ್ತ್ರ. ಕನ್ನಡಕದವರೇ ಕೊಡಿಸಿದ್ದು!

"ಅಯ್ಯಯ್ಯೋ!" ಎಂದು ಅವರು ಎದ್ದು ನಿಂತೇಬಿಟ್ಟರು.

ತೀರ್ಮಾನದ ಸಭೆ ಶಾಲೆಯ ಸ್ಟಾಫ್ ರೂಮಿನಲ್ಲಿ ಸೇರಿತು. ಹೆದರಿಕೆ ಆಯಿತೇ ಎಂದು ಕೇಳಿದ್ದಕ್ಕೆ ಮಕ್ಕಳು ಒಕ್ಕೊರಲಿನಿಂದ ಇಲ್ಲ ಎಂದರು. ಒಂದು ಮಗು ಆ ಬೀರುವಿನ ಹಾಡನ್ನು ಹಾಡಿಯೇ ತೋರಿಸಿತು. ಕತ್ತಲೆ ಇದ್ದರೂ ಕೊನೆಗೆ ಬೆಳಕಿದೆ, ಮಕ್ಕಳು ಅಷ್ಟೊಂದು ಅಂಜುಬುರುಕರಲ್ಲ ಎಂದರು ಮೇಷ್ಟ್ರು. ಹೆಂಡತಿ ಹೌದೆಂದಳು. ದೊಡ್ಡ ಟೀಚರು ಎಲ್ಲವನ್ನೂ ಕೇಳಿ ಗಂಟಲು ಸರಿಮಾಡಿಕೊಂಡರು.

"ಮಕ್ಕಳ ಮುಖ ನಾನೂ ನೋಡಿದೆ. ಏನೂ ಆಗಿಲ್ಲ. ಆದರೆ ನನಗೆ ಚಿಂತೆ ಆಗಿರೋದು ಇವರದು" ಎಂದು ಕನ್ನಡಕದವರ ಕಡೆ ಬೆರಳು ತೋರಿದರು. "ಅಜ್ಜಿ ಜೋಗುಳ ಹಾಡಿದಾಗ ಇವರು ಹಲ್ಲು ಕಡಿದ್ರು. ಬೆಕ್ಕು ಹಾಡಿದಾಗ ಕೈ ಕಚ್ಕೊಂಡು ಅತ್ರು. ನೆರಳುಗಳು ಗೋಳಾಡೋವಾಗ ನಕ್ರು! ತಾಳ ಬೇರೆ ಹಾಕಿದ್ರು! ಕೊನೇಲಿ ಎಲ್ಲಾ ಸುಖವಾದಾಗ ಅಯ್ಯಯ್ಯೋ ಅಂತ ಕಿರುಚಿದ್ರು. ಬೆಳೆದ ಗಂಡಸಿನ ಬುದ್ಧೀನೇ ಹೀಗೆ ತಲೆಕೆಳಗು ಮಾಡೋ ಸಿನಿಮಾ ಎಳೇ ಮಕ್ಕಳನ್ನ ಏನು ಮಾಡಬೇಡ?"

 ಎಲ್ಲರೂ ಕನ್ನಡಕದವರನ್ನು ನೋಡಿದರು. ಹೆಂಡತಿಯೂ ನೋಡಿದಳು, ನೋಡುತ್ತ ನೋಡುತ್ತ ಅವಳ ಹುಬ್ಬು ನಿಧಾನಕ್ಕೆ ಮೇಲೇರಿತು. ಜೋಗುಳ, ಬೆಕ್ಕು, ಬೀರು, ಕರವಸ್ತ್ರ ಎಂದು ಒಂದೊಂದನ್ನೇ ಜೋಡಿಸಿಕೊಳ್ಳುತ್ತಿದ್ದಾಳೆಂದು ಅವರಿಗೆ ಗೊತ್ತಾಗಿಹೋಯಿತು.

"ನೀವೇ ಹೇಳಿ" ಎಂದರು ದೊಡ್ಡ ಟೀಚರು. "ಅಷ್ಟೊಂದು ಭಯಂಕರವಾಗಿತ್ತಾ?"

ಇಕ್ಕಟ್ಟು ಎಂದರೆ ಇದು. ನಾನು ಪರದೆಯನ್ನೇ ನೋಡಲಿಲ್ಲ ಎಂದರೆ ಸಿನಿಮಾ ಉಳಿಯುತ್ತದೆ, ಪುಟ್ಟಿಯೂ ಉಳಿದ ಮಕ್ಕಳೂ ಕುಣಿದಾಡುತ್ತಾರೆ. ಆದರೆ ಮರುಕ್ಷಣವೇ, ಮತ್ತೆ ಎಲ್ಲಿ ನೋಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಎದುರಿಗೆ ಮೇಷ್ಟ್ರು, ಆ ಕನ್ನಡಕದ ಹಿಂದಿನಿಂದ, ನಿಜವಾದ ಕಾಳಜಿಯಿಂದ ಅವರನ್ನೇ ನೋಡುತ್ತಿದ್ದರು. ಇವರ ಮುಂದೆ ಹೊಟ್ಟೆಕಿಚ್ಚಿನವನೆಂದು ಸಾಬೀತಾಗುವುದಕ್ಕಿಂತ ಹೇಡಿ ಎನಿಸಿಕೊಳ್ಳುವುದೇ ವಾಸಿ. ಮೇಲಾಗಿ, ಸಿನಿಮಾ ರದ್ದಾದರೆ ಇವಳೂ ಮೇಷ್ಟ್ರೂ ಇಡೀ ಶಾಲೆಯ ಜೊತೆ ಮತ್ತೊಮ್ಮೆ ಕತ್ತಲಲ್ಲಿ ಕೂರುವುದೂ ತಪ್ಪುತ್ತದೆ.

"ಹೌದು ಮೇಡಂ" ಎಂದರು. "ನನಗೆ... ಬಹಳ ಹೆದರಿಕೆ ಆಯ್ತು."

"ಅಪ್ಪಾ! ಬೆಕ್ಕಿನ ಹಾಡಿಗಾ?" ಎಂದಳು ಪುಟ್ಟಿ, ಅಳುವ ದನಿಯಲ್ಲಿ.

"ಬೆಕ್ಕಿಗೇ ಕಣಮ್ಮಾ."

ಸಿನಿಮಾ ಮಕ್ಕಳಿಗೆ ತಕ್ಕುದಲ್ಲ ಎಂದು ತೀರ್ಮಾನವಾಯಿತು. ಮಕ್ಕಳ ಮುಖ ಬಾಡಿತು. ಕನ್ನಡಕದವರು ಪುಟ್ಟಿಯತ್ತ ನೋಡದೆ ಎದ್ದು ಹೊರಡಬೇಕು, ಅಷ್ಟರಲ್ಲಿ ದೊಡ್ಡ ಟೀಚರು ಕೈ ಎತ್ತಿದರು.

"ಮಕ್ಕಳಿಗೆ ನಿರಾಸೆ ಮಾಡೋದು ಬೇಡ. ಸಿನಿಮಾ ಇಲ್ಲದಿದ್ರೆ ಏನಂತೆ? ನಮ್ಮದೇ ಒಂದು ಹಾಡಿನ ನಾಟಕ ಆಡೋಣ. ಮೇಷ್ಟ್ರೇ, ರಾಜ ರಾಣಿ ಕತೆ ಒಂದು ನಿಮ್ಮ ಹತ್ರ ಇತ್ತಲ್ಲ?"

"ಹಾಡೆಲ್ಲಾ ಸಿದ್ಧ ಇದೆ ಮೇಡಂ. ರಾಜನ ಪಾತ್ರ ನಾನೇ ಮಾಡ್ತೀನಿ. ರಾಣಿಗೆ ಹಾಡೋಕೆ ಬರೋರು..." ಎಂದು ಮೇಷ್ಟ್ರು ಸುತ್ತ ನೋಡುವಷ್ಟರಲ್ಲಿ, ಮಕ್ಕಳೆಲ್ಲ ಸೇರಿ ಟೀಚರ್, ಟೀಚರ್ ಎಂದು ಕನ್ನಡಕದವರ ಹೆಂಡತಿಯನ್ನು ಮುಂದಕ್ಕೆ ತಳ್ಳಿದರು.

"ರಿಹರ್ಸಲ್‌ಗೆ ಜಾಗ ಇಲ್ವಲ್ಲ, ಶಾಲೆ ಹಾಲ್ ರಿಪೇರಿಗೆ ಬಿಚ್ಚಿದಾರೆ" ಎಂದು ದೊಡ್ಡ ಟೀಚರು ಚಿಂತಿಸಿದರು.

"ನಮ್ಮನೆ ಹಾಲ್ ದೊಡ್ಡದಿದೆ ಮೇಡಂ, ದಿನಾ ಸಂಜೆ ಅಲ್ಲೇ ಮಾಡಬಹುದು" ಎಂದಳು ಹೆಂಡತಿ, ತಣ್ಣಗಿನ ದನಿಯಲ್ಲಿ. "ಆದ್ರೆ ಒಂದು ಭಯ. ಇದರಲ್ಲೂ ಮಕ್ಕಳಿಗೆ ಆಗದ್ದು ಏನಾದ್ರೂ ಸೇರ್ಕೊಂಡುಬಿಟ್ರೆ? ನಮ್ಮನೆಯವರಷ್ಟು ಸೂಕ್ಷ್ಮ ಯಾರೂ ಇಲ್ಲ. ಅವರು ಪ್ರತಿ ದಿನ ಎದುರಿಗೆ ಕೂತಿರ್ಲಿ. ಅವರ ಮುಖ ಎಲ್ಲಿ ಕಿವುಚುತ್ತೋ ಆ ಹಾಡು ತೆಗೆದುಹಾಕಿ ಬೇರೆ ಕಟ್ಟೋಣ. ಅದನ್ನ ಕಲಿಯೋಕೆ ಇನ್ನೊಂದು ವಾರ ಹೆಚ್ಚಾದ್ರೂ ಪರವಾಗಿಲ್ಲ."

ದೊಡ್ಡ ಟೀಚರು ಭೇಷ್ ಎಂದರು. ಮೇಷ್ಟ್ರು ಕನ್ನಡಕದವರ ಎರಡೂ ಕೈ ಹಿಡಿದು ಕುಲುಕಿದರು.

ಮನೆಯ ದಾರಿಯಲ್ಲಿ ಪುಟ್ಟಿ ಮುನಿಸಿಕೊಂಡು ಮುಂದೆ ಮುಂದೆ ನಡೆಯುತ್ತಿದ್ದಳು.

"ನಿನಗೆ ಗೊತ್ತಾಯ್ತಾ?" ಎಂದರು ಕನ್ನಡಕದವರು, ಚಪ್ಪಲಿ ನೋಡುತ್ತ.

"ಬೆನ್ನ ಹಿಂದೆ ಹಲ್ಲು ಕಡಿಯೋ ಸದ್ದು ಆಗಲೇ ಕೇಳಿಸ್ತು. ಇಲಿ ಇರಬೇಕು ಅಂದ್ಕೊಂಡೆ."

"ಬೆಕ್ಕಿನ ಹಾಡಿಗೆ ಅವರ ಕಿವೀಲಿ ಏನು ಹೇಳಿದೆ?"

"ಕೇಳಬೇಕಾ?"

"ಕೇಳದೇ ಇದ್ರೆ ನಿದ್ದೆ ಬರಲ್ಲ ಕಣೇ."

"ನಮ್ಮನೆಯವರು ಬಚ್ಚಲಮನೇಲಿ ಥೇಟ್ ಹೀಗೇ ಹಾಡೋದು, ಅದನ್ನ ಕೇಳ್ದೆ ನನಗೆ ಬೆಳಗಾಗಲ್ಲ ಅಂದೆ" ಎಂದಳು ಹೆಂಡತಿ.  "ಬಾಯಿ ಬಿಟ್ಟು ಕೇಳಿದ್ರೆ ಆಗಲೇ ಹೇಳ್ತಿದ್ದೆ ರೀ. ಕೇಳದೆ, ಒಳಗೊಳಗೇ ಉರ್ಕೊಂಡು, ಅಷ್ಟೊಂದು ಮಕ್ಕಳ ಆಸೆಗೆ ಕಲ್ಲು ಹಾಕಿದ್ರಲ್ಲ. ಈಗ ಅನುಭವಿಸಿ."

ಕನ್ನಡಕದವರಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಬೀದಿಯ ಕೊನೆ ಮುಟ್ಟುವವರೆಗೂ ಇತ್ತು. ಅಷ್ಟು ಹೊತ್ತಿಗೆ ಅವರಿಗೆ ರಾಜನ ನೆನಪಾಗಿ, ನಾಚಿಕೆ ಹೋಗಿ ಮತ್ತೆ ಹೊಟ್ಟೆಕಿಚ್ಚು ಬಂತು.

ಮೊದಲ ದಿನದ ರಿಹರ್ಸಲ್ಲಿಗೆ ಹಾಲಿನ ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿದರು. ಒಂದು ಕುರ್ಚಿ ಮಾತ್ರ ಮಧ್ಯದಲ್ಲಿ ಉಳಿಯಿತು. ಅದು ಕನ್ನಡಕದವರದು. ಅವರ ತಾಯಿ ಹೊಸ ಸೀರೆ ಉಟ್ಟು ಮುಂದೆ ಬಂದು ಕೂತಿದ್ದರು. ಅಪ್ಪನ ಮುಖ ಕಾಯುವ ಕೆಲಸವನ್ನು ಸಿನಿಮಾದ ಸಿಟ್ಟು ಇನ್ನೂ ಇಳಿಯದ ಪುಟ್ಟಿ ತಾನೇ ಕೇಳಿ ಪಡೆದಿದ್ದಳು. ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿ, ರೆಪ್ಪೆ ಮಿಟುಕಿಸದೆ ಕೂತಳು.

ರಾಜರು ಹಾಡಿದರು. ರಾಣಿ ಹಾಡಿದಳು. ಯುದ್ಧಕ್ಕೆ ಹೊರಟ ರಾಜರು ರಾಣಿಯ ಕೈ ಹಿಡಿದು, ನಿನ್ನ ಬಿಟ್ಟು ಹೇಗಿರಲಿ ಎಂದರು. ಕನ್ನಡಕದವರ ಎಡಗೆನ್ನೆ ಒಂದು ಚೂರು, ಒಂದೇ ಒಂದು ಚೂರು ಅದುರಿತು.

"ಅಮ್ಮಾ! ಅಪ್ಪನ ಮುಖ!"

ಹಾರ್ಮೋನಿಯಂ ನಿಂತಿತು. ಎಲ್ಲರೂ ತಿರುಗಿದರು. ಮೇಷ್ಟ್ರು ಒಂದಿಷ್ಟೂ ಬೇಸರಿಸದೆ ಆ ಹಾಡನ್ನು ತೆಗೆದುಹಾಕಿದರು. ಅದರ ಬದಲಿಗೆ ರಾಜರು ಯುದ್ಧಕ್ಕೇ ಹೋಗದೆ ಮನೆಯಲ್ಲೇ ಉಳಿದು ರಾಣಿಯನ್ನು ವರ್ಣಿಸುವ, ಮೊದಲಿನದರ ಎರಡರಷ್ಟು ಉದ್ದದ ಹಾಡನ್ನು ಕಟ್ಟಿದರು. ರಿಹರ್ಸಲ್ಲು ಒಂದು ವಾರ ಹೆಚ್ಚಾಯಿತು.

ಕನ್ನಡಕದವರಿಗೆ ಜ್ಞಾನೋದಯವಾಯಿತು. ಮರುದಿನ ರಾಜರು ಬಾಯಿ ತೆರೆಯುವ ಮೊದಲೇ ಅವರು ನಗಲು ಶುರುಮಾಡಿದರು. ರಾಜರು ರಾಣಿಯ ಕಣ್ಣು ವರ್ಣಿಸಿದರು, ಇವರು ನಕ್ಕರು. ಮೂಗಿಗೆ ಬಂದರು, ಆಗಲೂ ನಕ್ಕರು. ಕೈ ಹಿಡಿದರು, ದವಡೆ ನೋಯುವಷ್ಟು ನಕ್ಕರು.

"ಇನ್ನೂ ಸ್ವಲ್ಪ ರೀ, ಹಲ್ಲು ಕಾಣಲಿ" ಎಂದಳು ರಾಣಿ, ಹಾಡಿನ ನಡುವೆ ಉಸಿರು ಎಳೆದುಕೊಳ್ಳುತ್ತ.

ಹಾಡು ಮುಗಿದ ಮೇಲೆ ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡು, ಆ ಕರಿಯ ಕನ್ನಡಕ ಸರಿಮಾಡಿಕೊಂಡು, ನೇರವಾಗಿ ಅವರ ಬಳಿ ಬಂದರು. ಕಣ್ಣಲ್ಲಿ ನೀರಿತ್ತು.

"ಸಾರ್, ನಾನು ಎಷ್ಟೋ ಕಡೆ ಹಾಡಿದೀನಿ. ನಿಮ್ಮಷ್ಟು ಮನಸಾರೆ ಕೇಳೋರನ್ನ ಎಲ್ಲೂ ಕಾಣಲಿಲ್ಲ. ನಾಟಕ ಮುಗಿದ ಮೇಲೂ ದಿನಾ ಸಂಜೆ ಬಂದು ನಿಮಗೋಸ್ಕರ ಹಾಡ್ತೀನಿ. ಬೇಡ ಅನ್ನಬಾರದು."

ಪುಟ್ಟಿ ಇನ್ನೂ ಅವರ ಮುಖವನ್ನೇ ನೋಡುತ್ತಿದ್ದಳು. ಕನ್ನಡಕದವರು ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ, ಬನ್ನಿ ಸಾರ್, ಖಂಡಿತಾ ಬನ್ನಿ ಎಂದರು.